ಒಲೆ ಹೊರಗಿಟ್ಟ ಅಡುಗೆಮನೆ

ಸುರಪುರದಿಂದ ಶಹಾಪುರಕ್ಕೆ ಹೋಗುವ ರಸ್ತೆ ಬಿಟ್ಟು ಕಾಲುವೆಯ ಏರಿ ಹಿಡಿದರೆ ಆ ಊರು ಸಿಗುತ್ತದೆ. ಹೊಲಗೆಲಸಕ್ಕೆ ಹೋಗುವ ಹೆಂಗಸರ ಕೂಸುಗಳಿಗಾಗಿ ಅಲ್ಲಿ ಒಂದು ಮನೆ ಕಟ್ಟಿಸುವುದು ನನ್ನ ಮೊದಲ ನೌಕರಿ. ಹಣ ಕೊಟ್ಟ ನಮ್ಮ ಸಂಸ್ಥೆಯ ಷರತ್ತು ಎರಡು. ಸುಟ್ಟ ಇಟ್ಟಿಗೆ ಬೇಡ, ಸಿಮೆಂಟು ಆದಷ್ಟು ಕಡಿಮೆ ಇರಬೇಕು. ಮತ್ತು ಎಲ್ಲ ಓಣಿಯವರೂ ಸೇರಿ ಕಟ್ಟಬೇಕು. ಕಾಲುವೆ ತೋಡಿದಾಗ ಎಸೆದ ಕೆಂಪು ಗರಸು ಮಣ್ಣು ದಂಡೆಯುದ್ದಕ್ಕೂ ಗುಡ್ಡೆಯಾಗಿ ಬಿದ್ದಿತ್ತು. ಅದಕ್ಕೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿ ಮಾಡಿದ ಇಟ್ಟಿಗೆಯಿಂದ ಕಟ್ಟಿದೆವು. ಗೋಡೆಗೆ ಗಿಲಾವು ಇಲ್ಲ, ಮಣ್ಣಿನ ಬಣ್ಣವೇ ಕಾಣಬೇಕು ಎಂದು ನಕ್ಷೆಯಲ್ಲಿತ್ತು.

ಮೊದಲ ದಿನ ಎಲ್ಲ ಓಣಿಯವರೂ ಬಂದರು. ಫೋಟೊ ಮುಗಿದ ಮೇಲೆ ಯಂತ್ರದ ಹಿಡಿಕೆ ಊರಾಚೆಯ ಕೇರಿಯ ಒಬ್ಬಳ ಕೈಯಲ್ಲಿ ಉಳಿಯಿತು.

ನನಗಿಂತ ಸ್ವಲ್ಪ ದೊಡ್ಡವಳು. ಕಾಲುವೆಯ ನೀರು ನಿಂತಿತೆಂದರೆ ಮಗಳನ್ನು ಬಗಲಿಗೇರಿಸಿಕೊಂಡು ಪುಣೆಗೆ ಗುಳೆ ಹೋಗುತ್ತಿದ್ದಳು. ಊರ ಸಭೆಯಲ್ಲಿ ಗೌಡರು ಹೇಳಿದ್ದರು: "ಯಾರು ಮನಿ ಮುಗಿಯೂತನ ಬಿಡದ ದುಡೀತಾರೋ, ಕೂಸುಗಳ ಅಡಗಿ ಕೆಲಸ ಅವರಿಗೇ." ಆ ಕೆಲಸ ಸಿಕ್ಕರೆ ಗುಳೆ ತಪ್ಪುತ್ತಿತ್ತು. ಆ ಬೇಸಿಗೆ ಅವಳು ಪುಣೆಗೆ ಹೋಗಲಿಲ್ಲ.

ಅಚ್ಚಿನಿಂದ ಎತ್ತುವಾಗ ಇಟ್ಟಿಗೆ ಹಸಿಯಾಗಿರುತ್ತದೆ. ಪ್ರತಿಯೊಂದರ ತುದಿಯಲ್ಲೂ ಅವಳ ಹೆಬ್ಬೆರಳ ಗುರುತು ಮೂಡುತ್ತಿತ್ತು. ಗೋಡೆ ಕಟ್ಟುತ್ತಿದ್ದ ಗೌಂಡಿ ಚಾಚಾ ಛೇಡಿಸಿದರು.

"ಏ ತಂಗಿ, ದಸ್ಕತ್ ಹಾಕಾಕತ್ತೀಯೇನು?"

"ಹೆಬ್ಬಟ್ಟು ಚಾಚಾ. ಸಾಲಿ ಕಲ್ತಿದ್ರ ದಸ್ಕತ್ತೇ ಹಾಕ್ತಿದ್ನಿ."

ಒಮ್ಮೆ ಗೌಡರು ಕೆಲಸ ನೋಡಲು ಬಂದಾಗ ಅವಳು ನಗುತ್ತಲೇ ಕೇಳಿದಳು: "ನಾ ಮುಟ್ಟಿದ ಇಟ್ಟಂಗಿ ನಡೀತಾವೇನ್ರಿ, ಗೌಡ್ರ?"

"ಮಣ್ಣಿಗೆಂಥಾ ಮೈಲಿಗಿ ತಗೋ," ಎಂದು ಅವರೂ ನಕ್ಕರು.

ಅಡುಗೆಮನೆಯ ಒಲೆಕಟ್ಟೆಯನ್ನು ಚಾಚಾ ಅವಳನ್ನು ಎದುರು ನಿಲ್ಲಿಸಿಕೊಂಡು, ಅವಳ ಸೊಂಟಕ್ಕೆ ಸರಿಯಾಗಿ ಕಟ್ಟಿದರು.

ಒಲೆ ಹೊತ್ತಿಸುವ ಹಿಂದಿನ ದಿನ ಗೌಡರು ನನ್ನ ಬಳಿ ಬಂದರು. "ಮೇಡಂ, ಅಡಗೀಗೆ ನಮ್ಮ ಓಣಿ ಹೆಣ್ಮಗಳು ಬರ್ತಾಳ. ಇಲ್ಲಂದ್ರ ನಮ್ಮ ಕೂಸು ಬರಂಗಿಲ್ರಿ."

ನಾನು ಸಭೆಯ ಮಾತು ನೆನಪಿಸಿದೆ.

"ಕಟ್ಟೂದು ಬ್ಯಾರೆ, ಉಣ್ಣೂದು ಬ್ಯಾರೆ. ಒಣಗಿದ ಮಣ್ಣಿಗೆ ಮೈಲಿಗಿ ಇಲ್ಲ. ಕುದ್ದ ಅನ್ನಕ್ಕ ಐತಿ."

ನಮ್ಮ ಕಚೇರಿಗೆ ಫೋನು ಮಾಡಿದೆ. ಕೂಸುಗಳು ಬರದಿದ್ದರೆ ಯೋಜನೆಯೇ ಬೀಳುತ್ತದೆ, ಎಲ್ಲರನ್ನೂ ಒಳಗೊಳ್ಳುವುದು ಮುಖ್ಯ ಎಂದರು. ಎಲ್ಲರನ್ನೂ ಒಳಗೊಳ್ಳಲು ಅವಳನ್ನು ಬಿಟ್ಟೆವು.

ಗೌಡರ ಅಣ್ಣನ ಸೊಸೆ ಅಡುಗೆಗೆ ಬಂದಳು. ಕುಳ್ಳಿ. ಒಲೆಕಟ್ಟೆ ಎತ್ತರವಾಯಿತೆಂದು ಹಲಗೆಯ ಮೇಲೆ ನಿಂತು ಅನ್ನ ಬಸಿದಳು. ಎರಡನೆಯ ದಿನ ಅವಳ ಕಣ್ಣು ಗೋಡೆಯ ಮೇಲೆ ಬಿತ್ತು.

"ಎಲ್ಲಿ ನೋಡಿದ್ರೂ ಆಕಿ ಹೆಬ್ಬಟ್ಟೇ. ಅನ್ನದ ಮುಂದ ಇದನ್ನ ನೋಡಿಕೋಂತ ಹ್ಯಾಂಗ ನಿಂದರಲಿ?"

ಅಡುಗೆಮನೆಗೆ ಒಳಗಿನಿಂದ ಸಿಮೆಂಟಿನ ಗಿಲಾವು ಬೇಕೆಂದು ಊರು ಹಟ ಹಿಡಿಯಿತು. ಕಚೇರಿ ಅದಕ್ಕೂ ಒಪ್ಪಿತು. ಇಟ್ಟಿಗೆಯಲ್ಲಿ ಉಳಿಸಿದ ಸಿಮೆಂಟು ಚೀಲಗಟ್ಟಲೆ ಆ ಕೋಣೆಗೆ ಬಂದಿಳಿಯಿತು.

ಸಿಮೆಂಟಿನ ಮಾಲು ಕಲಸಿ ಚಾಚಾನ ಕೈಗೆ ಬುಟ್ಟಿ ಕೊಡಲು ಆಳು ಬೇಕಿತ್ತು. ಗೌಡರ ಓಣಿಯ ಯಾರೂ ಬುಟ್ಟಿ ಹೊರಲೊಪ್ಪಲಿಲ್ಲ. ಇಟ್ಟಿಗೆ ಒತ್ತಿದವಳಿಗೇ ಹೇಳಿಕಳಿಸಿದರು. ಆದರೆ ಈಗ ಒಲೆ ಹೊತ್ತಿತ್ತು, ಅನ್ನ ಬೆಂದಿತ್ತು. ಕೋಣೆ ಅಡುಗೆಮನೆಯಾಗಿಬಿಟ್ಟಿತ್ತು, ಅವಳು ಒಳಗೆ ಬರುವಂತಿರಲಿಲ್ಲ.

ಗೌಡರಿಗೆ ಇದು ಕಷ್ಟದ ಲೆಕ್ಕವೇನಲ್ಲ. ಗ್ಯಾಸಿನ ಒಲೆ, ಸಿಲಿಂಡರು, ಅಕ್ಕಿಯ ಚೀಲ, ಬೋಗುಣಿಗಳನ್ನು ಹೊರಗೆ ಬೇವಿನ ಮರದ ಕೆಳಗೆ ಇಡಿಸಿದರು. ತಾವೇ ಒಳಗೆ ಹೋಗಿ ಒಂದು ಚಮಚವೂ ಉಳಿದಿಲ್ಲವೆಂದು ನೋಡಿ ಬಂದರು.

"ಈಗ ಬಾ. ಈಗದು ಬರೇ ಕೋಣಿ."

ಅವಳು ಹೊಸ್ತಿಲಲ್ಲಿ ನಿಂತಳು. "ಹಸಿ ಗಿಲಾವಿಗೆ ಮೈಲಿಗಿ ಇಲ್ಲೇನ್ರಿ, ಗೌಡ್ರ?"

"ಒಣಗತೈತಿ ಬಿಡು."

ಚಾಚಾ ಆ ದಿನ ಛೇಡಿಸಲಿಲ್ಲ. ಅವಳು ಬುಟ್ಟಿ ಕೊಟ್ಟಳು, ಅವರು ಬಳಿದರು. ಹೆಬ್ಬೆರಳುಗಳು ಸಾಲುಸಾಲಾಗಿ ಮುಚ್ಚಿಹೋದವು.

ಹೊಸ ಗಿಲಾವಿಗೆ ಕೆಲವು ದಿನ ನೀರುಣಿಸದಿದ್ದರೆ ಬಿರುಕು ಬಿಡುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಒಲೆ ಹೊರಗೆ ಬರುತ್ತಿತ್ತು, ಅವಳು ಒಳಗೆ ಹೋಗಿ ಗೋಡೆಗೆ ನೀರು ಹೊಡೆಯುತ್ತಿದ್ದಳು. ಅವಳು ಹೊರಗೆ ಬಂದ ಮೇಲೆ ಒಲೆ ಒಳಗೆ ಹೋಗುತ್ತಿತ್ತು. ಕೂಸುಗಳಿಗೆ ಇದೊಂದು ಆಟವಾಯಿತು. ಅವಳ ಮಗಳೂ ಉಳಿದವರ ಜೊತೆ ಕೂಗುತ್ತಿದ್ದಳು: "ಒಲಿ ಬಂತು! ಒಲಿ ಬಂತು!"

ಗಿಲಾವು ಗಟ್ಟಿಯಾದ ಮೇಲೆ ಒಲೆ ಮತ್ತೆ ಹೊರಗೆ ಬರಲಿಲ್ಲ. ಅವಳು ಮಗಳನ್ನು ಬಗಲಿಗೇರಿಸಿಕೊಂಡು ಯಾದಗಿರಿಗೆ ಹೋಗಿ ಪುಣೆಯ ರೈಲು ಹತ್ತಿದಳು.