ಹಂಗೇರಿಯಿಂದ ಬಂದ ಹನ್ನೆರಡನೇ ಪತ್ರ

ಶೆಟ್ಟೆವ್ವ ಕುಳಿತಲ್ಲಿ ಕುಳಿತಿರುವ ಹೆಂಗಸಲ್ಲ. ಕಿತ್ತೂರಿನಾಚೆ ಹೆದ್ದಾರಿಗೆ ಹೊಂದಿಕೊಂಡಿರುವ ನಮ್ಮ ವಿಶ್ವವಿದ್ಯಾಲಯದ ದಾಖಲೆ ವಿಭಾಗದಲ್ಲಿ ಆಕೆ ಅಟೆಂಡರ್, ನಾನು ಗುಮಾಸ್ತ. ದೊಡವಾಡದಿಂದ ಎರಡು ಬಸ್ಸು ಬದಲಿಸಿ ಬಂದರೂ ಬೈಲಹೊಂಗಲದ ನನಗಿಂತ ಮೊದಲೇ ಮುಟ್ಟಿರುತ್ತಾಳೆ. ಬಂದವಳೇ ಕಿಟಕಿ ತೆರೆಯುತ್ತಾಳೆ, ಡಬ್ಬಿಗಳ ಧೂಳು ಹೊಡೆಯುತ್ತಾಳೆ, ಹೊಡೆದದ್ದನ್ನೇ ಮತ್ತೊಮ್ಮೆ ಹೊಡೆಯುತ್ತಾಳೆ. ನೋಡುವವರಿಗೇ ದಣಿವಾಗಬೇಕು.

ಗಂಡ ಇಲ್ಲಿಯೇ ವಾಚ್‌ಮನ್ ಆಗಿದ್ದ. ಅವನು ತೀರಿಕೊಂಡ ಮೇಲೆ ಅನುಕಂಪದ ನೌಕರಿ ಸಿಕ್ಕಿತು. ಮೊದಲ ಹತ್ತು ವರ್ಷ ಅತಿಥಿಗೃಹದ ಅಡುಗೆಮನೆಯಲ್ಲಿದ್ದು, ೨೦೦೬ರಲ್ಲಿ ನಮ್ಮಲ್ಲಿಗೆ ಬಂದಳು. ಓದಿದ್ದು ಏಳನೇ ಇಯತ್ತೆ. ಆದರೆ ಯಾವ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಎಂ.ಎ. ಮಾಡಿದ ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಆಕೆ ತಂದಿಟ್ಟಿರುತ್ತಾಳೆ.

ನಮ್ಮಲ್ಲಿರುವುದಾದರೂ ಏನು? ಹಾಸ್ಟೆಲ್ ಮೆಸ್ಸಿನ ಜಗಳದ ಅರ್ಜಿಗಳು, ವರ್ಷಕ್ಕೊಮ್ಮೆಯ ಗ್ಯಾದರಿಂಗಿನ ಫೋಟೋಗಳು, ಮುಷ್ಕರದ ಕರಪತ್ರಗಳು. ಜೊತೆಗೆ ಹಿಂದೆ ಇಲ್ಲಿ ನಡೆಯುತ್ತಿದ್ದ ವಿಶ್ವ ಲೇಖಕರ ಕೂಟಕ್ಕೆ ಬಂದು ಹೋದ ಪರದೇಶದ ಬರಹಗಾರರ ಪತ್ರಗಳು. ಈ ಪತ್ರಗಳೇ ನಮ್ಮ ಮೀಸೆ ತಿರುವುವ ಆಸ್ತಿ.

ಕಳೆದ ಜೂನ್‌ನಲ್ಲಿ ಹಂಗೇರಿಯ ಒಂದು ಗ್ರಂಥಾಲಯದವರು ಬರೆದರು. ೨೦೦೪ರಲ್ಲಿ ಬಂದು ಎರಡು ವಾರ ನಮ್ಮ ಅತಿಥಿಗೃಹದಲ್ಲಿದ್ದ ತಮ್ಮ ಕವಿಯ ಪತ್ರಗಳ ಪ್ರತಿ ಬೇಕಂತೆ. ರಿಜಿಸ್ಟರಿನಲ್ಲಿ ಹನ್ನೆರಡಿದ್ದವು. ಡಬ್ಬಿಯಲ್ಲಿ ಸಿಕ್ಕಿದ್ದು ಹನ್ನೊಂದು. ಹನ್ನೆರಡನೆಯದು ಕವಿಯ ಹೆಂಡತಿ ೨೦೦೯ರಲ್ಲಿ ಬರೆದದ್ದು. ಅದರ ಖಾಲಿ ಕವರು ಮಾತ್ರ ಇತ್ತು.

ಅಪವಾದ ಬಂದದ್ದು ಕಲ್ಮೇಶನ ಮೇಲೆ. ಹೂಲಿಯವನು, ಹೆಂಡತಿ ಮಕ್ಕಳಿರುವವನು, ಒಂಬತ್ತು ವರ್ಷಗಳಿಂದ ಗುತ್ತಿಗೆಯ ಮೇಲೆ ಸ್ಕ್ಯಾನಿಂಗ್ ಮಾಡುತ್ತಿದ್ದಾನೆ. ಎರಡು ವರ್ಷದ ಹಿಂದಿನ ಪಟ್ಟಿಯಲ್ಲಿ 'ಕವರು ಮತ್ತು ಪತ್ರ' ಎಂದು ಸ್ಪಷ್ಟವಾಗಿ ಬರೆದಿತ್ತು. ಆಮೇಲೆ ಡಬ್ಬಿ ಬಿಚ್ಚಿದವನು ಅವನೊಬ್ಬನೇ. ಸೋಮವಾರ ಅವನ ಗುತ್ತಿಗೆ ಮುಂದುವರಿಯಬೇಕಿತ್ತು. ಪತ್ರ ಸಿಗದಿದ್ದರೆ ಸಹಿ ಮಾಡುವುದಿಲ್ಲ ಎಂದು ವಿಭಾಗದ ಮುಖ್ಯಸ್ಥೆ ಶರ್ವರಿ ಮೇಡಂ ಹೇಳಿಬಿಟ್ಟರು.

ಆ ಪಟ್ಟಿ ಮಾಡಿದವನು ನಾನು. ಕವರು ಬಿಚ್ಚಿ ನೋಡಿರಲಿಲ್ಲ, ರಿಜಿಸ್ಟರ್ ನೋಡಿ ಇಳಿಸಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ನಾಚಿಕೆಗೇಡಿನ ಕೆಲಸವೇ, ಒಪ್ಪುತ್ತೇನೆ.

ಆ ವಾರ ಶೆಟ್ಟೆವ್ವನ ಚಡಪಡಿಕೆ ಹೇಳತೀರದು. ಮೇಡಂ ಕೋಣೆಯ ಬಾಗಿಲತನಕ ಹೋಗುವಳು, ಒಳಗೆ ಕಾಲಿಡದೆ ತಿರುಗುವಳು. ಚಹಾ ಒಯ್ದವಳು ಹೊರಗೇ ನಿಂತು ಆರಿಸಿಬಿಟ್ಟಳು. ಶನಿವಾರ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತೇ ಇದ್ದಳು.

"ಕುಂಡರ್ರಿ ಶೆಟ್ಟೆವ್ವಾರ, ನನಗ ತಲಿ ತಿರಗಾಕ ಹತ್ತೇತಿ" ಎಂದೆ.

"ಬಸಯ್ಯಾರ, ಪಟ್ಟಿ ಮಾಡುವಾಗ ನೀವು ಆ ಕವರ ಬಿಚ್ಚಿ ನೋಡಿದ್ರೇನ್ರಿ?"

"ನೋಡಿದ್ನೆಲ್ಲ" ಎಂದು ಸುಳ್ಳು ಹೇಳಿದೆ.

ಆಕೆ ನನ್ನನ್ನೇ ದಿಟ್ಟಿಸಿದಳು. "ಇಲ್ಲರಿ. ನೋಡಿಲ್ಲ ನೀವು." ಬೈಲಹೊಂಗಲ ಬರುವತನಕ ಕಂಬ ಬಿಡಲಿಲ್ಲ. ಆಕೆಗೆ ಅದು ಹೇಗೆ ಗೊತ್ತು ಎಂದು ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಸೋಮವಾರ ಕಲ್ಮೇಶ ಚೀಲ ಹೆಗಲಿಗೆ ಹಾಕಿಕೊಂಡೇ ಮೇಡಂ ಮುಂದೆ ನಿಂತಿದ್ದ. ಬೈಗುಳ ತಿಂದು ತಿಂದು ಅವನ ಮುಖ ಬಾಡಿತ್ತು. ಶೆಟ್ಟೆವ್ವ ಬಾಗಿಲು ನೂಕಿಕೊಂಡು ಒಳಗೆ ಬಂದಳು.

"ಮೇಡಮ್ಮಾರ, ಆ ಕಾಗದ ಹುಡುಕಬ್ಯಾಡ್ರಿ. ಅದನ್ನ ನಾನ ಹರದೇನ್ರಿ. ಬಂದ ದಿನಾನ, ರಿಜಿಸ್ಟರದಾಗ ಏರಿಸಿದ ಮ್ಯಾಲ ಹರದೇನಿ, ಕವರ ಅಷ್ಟ ಇಟ್ಟೇನಿ."

ನಿವೃತ್ತಿಗೆ ನಾಲ್ಕೇ ತಿಂಗಳಿದ್ದವು ಆಕೆಗೆ. ಮೇಡಂ ಕುರ್ಚಿಯಿಂದ ಎದ್ದರು. "ಹರದ್ರಿ? ಯಾಕ?"

"ಸತ್ತ ಸುದ್ದಿ ಕಾಗದರಿ ಅದು. ಮನ್ಯಾಗ ಇಡೂದಿಲ್ಲಲ್ರಿ."

ನಮ್ಮ ಮನೆಯಲ್ಲೂ ಅದೇ ರೂಢಿ. ಸಾವಿನ ಸುದ್ದಿಯ ಕಾಗದ ಬಂದರೆ ಓದಿದ ಕೂಡಲೇ ಹರಿದು ಹೊರಗೆ ಚೆಲ್ಲಬೇಕು, ಒಳಗಿಟ್ಟುಕೊಂಡರೆ ಕೇಡು. ನನ್ನ ಅಜ್ಜಿ ಎಷ್ಟು ಕಾರ್ಡು ಹರಿದಿಲ್ಲ!

"ಇದು ಮನಿ ಅಲ್ಲ ಶೆಟ್ಟೆವ್ವ, ದಾಖಲಿ ಇಡೂ ಜಾಗಾ!" ಮೇಡಂ ಖಾಲಿ ಕವರನ್ನು ಮೇಜಿಗೆ ಬಡಿದರು. "ಇಲ್ಲಿ ಇರೂ ಕಾಗದದಾಗ ಅರ್ಧಕ್ಕರ್ಧ ಸತ್ತವರದ ಅವ."

"ಖರೇ ಅದರಿ. ತಪ್ಪ ನಂದ. ಇವನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಇನ್ನೂ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ ಎನಿಸಿತು. ನೋಡದೆ ಪಟ್ಟಿ ಬರೆದದ್ದನ್ನು ಒಪ್ಪಿಕೊಂಡೆ. ಮೇಡಂ ಕಲ್ಮೇಶನ ಗುತ್ತಿಗೆಯ ಕಾಗದ ಎಳೆದುಕೊಂಡು ಸಹಿ ಮಾಡಿ, "ತಪ್ಪ ತಿಳಕೊಂಡಿದ್ದೆ" ಎಂದು ಅವನ ಕೈಗೆ ಕೊಟ್ಟರು. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತ.

ಕೋಪ ಇಳಿದ ಮೇಲೆ ಮೇಡಂ ಬಿಳಿ ಹಾಳೆಯೊಂದನ್ನು ತೆಗೆದುಕೊಂಡರು. "ಅದರಾಗ ಏನ ಬರದಿತ್ತು, ಗೊತ್ತದ ಏನು? ಅಷ್ಟರೆ ಹಂಗೇರಿಯವರಿಗೆ ತಿಳಸೋಣು."

"ನಿಮ್ಮ ಕುರ್ಚ್ಯಾಗ ದಿಗಂಬರ ಸರ್ ಇದ್ರಲ್ರಿ ಆಗ, ಪುಣ್ಯಾತ್ಮರು, ಕನ್ನಡದಾಗ ಓದಿ ಹೇಳಿದ್ರು. ಸಾಹೇಬ್ರು ದವಾಖಾನ್ಯಾಗ ತೀರಿಕೊಂಡ್ರಂತ. ಹೊರಗ ಬರ್ಫ ಬೀಳತಿತ್ತಂತ." ಶೆಟ್ಟೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಮುಂದ?"

"ಸಾಯೂ ಮುಂದ ಹೆಂಡ್ತಿಗೆ ಹೇಳಿದ್ರಂತ್ರಿ, ಕಿತ್ತೂರಾಗ ಶೆಟ್ಟೆವ್ವ ಅಂತ ಒಬ್ಬಾಕಿ ಅದಾಳ, ನಾ ಹೋಗಿದ್ದ ಆಕಿಗೂ ತಿಳಸ ಅಂತ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಈ ವಿಭಾಗದ ಅಷ್ಟೂ ಡಬ್ಬಿಗಳ ಪಟ್ಟಿ ಮಾಡಿದ್ದೇನೆ. ಹಾಜರಿ ಪುಸ್ತಕ ಬಿಟ್ಟರೆ ಶೆಟ್ಟೆವ್ವನ ಹೆಸರು ಅಲ್ಲಿ ಎಲ್ಲಿಯೂ ಇಲ್ಲ.

"ಎಲ್ಲಿ ಐತ್ರಿ ನನ್ನ ಹೆಸರ ಅಂತ ಸರ್‌ಗೆ ಕೇಳಿದ್ನಿರಿ," ಎಂದಳು. "ತೋರಿಸಿದ್ರು. ಅದರ ಮ್ಯಾಲ ಬೆರಳ ಇಟ್ಟ ನೋಡಿದ್ನಿ. ಆಮ್ಯಾಲ ಹರದ್ನಿ."