ಎದ್ದು ನಿಂತ ತಪ್ಪಿಗೆ

ಅಂಗವಿಕಲರ ಪಿಂಚಣಿ ಕೇಸುಗಳನ್ನೇ ಮೂವತ್ತು ವರ್ಷ ನಡೆಸಿದ ವಕೀಲರು ನಮ್ಮ ದೊಡ್ಡಪ್ಪ. ವಿಚಾರಣೆಗೆ ಬಂದವರಿಗೆಲ್ಲ ಕಾರಿಡಾರಿನಲ್ಲೇ ಪಾಠ ಹೇಳುತ್ತಿದ್ದರು: "ಒಳಗೆ ಮಾನ ಮರ್ಯಾದೆ ಅಂತ ಕೂರಬೇಡ. ಆಗಲ್ಲ ಅಂದರೆ ಆಗಲ್ಲ ಅನ್ನು."

ಲಕ್ವ ಹೊಡೆದು ಅವರ ಎಡಭಾಗವೇ ಬಿದ್ದುಹೋದ ಮೇಲೆ ಅದೇ ಕಚೇರಿಗೆ ಅವರದೇ ಅರ್ಜಿ ಹೋಯಿತು. ಗಾಲಿಕುರ್ಚಿ ತಳ್ಳಿಕೊಂಡು ಹೋದವಳು ನಾನು. ಅಧಿಕಾರಿ ಒಳಗೆ ಬಂದದ್ದೇ ತಡ, ದೊಡ್ಡಪ್ಪ ಮೇಜಿಗೆ ಕೈಯೂರಿ, ಹಲ್ಲು ಕಚ್ಚಿ ಎದ್ದು ನಿಂತರು. ಸಾಹೇಬರು ಬಂದರೆ ವಕೀಲ ಎದ್ದು ನಿಲ್ಲಬೇಕು ಅನ್ನೋ ಮೂವತ್ತು ವರ್ಷದ ಹಾಳು ಚಾಳಿ.

ಆತ ಮೇಲಿಂದ ಕೆಳಗೆ ನೋಡಿ ಬರೆದ: 'ಅರ್ಜಿದಾರರು ಎದ್ದು ನಿಲ್ಲಬಲ್ಲರು. ತಿರಸ್ಕರಿಸಿದೆ.'

ಪೆನ್ನು ಮುಚ್ಚುವಷ್ಟರಲ್ಲಿ ದೊಡ್ಡಪ್ಪ ಕುಸಿದರು. ಎತ್ತಿ ಕೂರಿಸಲು ನಾನು, ಜವಾನ ಇಬ್ಬರೂ ಒದ್ದಾಡಿದೆವು. ಅದನ್ನು ಆತ ಬರೆದುಕೊಳ್ಳಲಿಲ್ಲ.