ಎರಡು ಜಗ್ಗು

ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಹಗ್ಗ ಎರಡು ಸಲ ಜಗ್ಗಿತು. ಸಮಯ ಬರೆದುಕೊಳ್ಳುವುದು ನನ್ನ ಕೆಲಸವಾಗಿದ್ದರಿಂದ ಅದು ನನ್ನ ಕೈಬರಹದಲ್ಲೇ ಇದೆ.

ಪುರವರದ ಹತ್ತಿರ ನೀರು ತುಂಬಿ ನಿಂತ ಹಳೆಯ ಕಲ್ಲು ಕ್ವಾರಿ. ಸಿಹಿನೀರಿನ ಸ್ಪಂಜು ಎಂಬ ಪ್ರಾಣಿಯನ್ನು ಹುಡುಕಲು ಕರಾವಳಿಯ ಸಮುದ್ರ ಸಂಶೋಧನಾ ಕೇಂದ್ರದಿಂದ ಇಬ್ಬರು ಬಂದಿದ್ದರು. ಒಬ್ಬರು ಮುಳುಗಿದರೆ ಇನ್ನೊಬ್ಬರು ಗಾಳಿಯ ಸಿಲಿಂಡರ್ ಬಿಗಿದುಕೊಂಡು ದಡದಲ್ಲಿ ಸಿದ್ಧ. ಮಧುಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ನಾನು ಅವರ ಸಹಾಯಕ್ಕಿದ್ದೆ. ಮುಳುಗಿದವರ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯಲು ಬಾವಿ ತೋಡುವ ತಾತನೊಬ್ಬನನ್ನು ಗೊತ್ತು ಮಾಡಿದ್ದೂ ನಾನೇ.

ಹಿಂದಿನ ದಿನವೇ ಅವನಿಗೆ ಹೇಳಿದ್ದೆ: ಒಂದು ಸಲ ಜಗ್ಗಿದರೆ ಎಲ್ಲ ಸರಿ, ಎರಡಕ್ಕೆ ಹಗ್ಗ ಸಡಿಲ ಬಿಡಬೇಕು, ಮೂರಕ್ಕೆ ಮೇಲೆಳೆಯಬೇಕು.

“ಹಗ್ಗ ಹಿಡ್ಕಂಡೇ ಹುಟ್ಟಿರೋನು ಕಣಮ್ಮ ನಾನು. ನೀನು ನಿನ್ ಪುಸ್ತಕ ಹಿಡ್ಕ,” ಎಂದು ತಾತ ನಕ್ಕಿದ್ದ. ನಾನೂ ನಕ್ಕು ಬಂದುಬಿಟ್ಟೆ. ಒಂದು ಸಲ ಮಾಡಿಸಿ ನೋಡಲಿಲ್ಲ.

ಎರಡು ಜಗ್ಗಿಗೆ ತಾತ ಎಳೆದ. ಮತ್ತೆ ಎರಡು. ಇನ್ನೂ ಬಿಗಿಯಾಗಿ ಎಳೆದ. ನೀರಿನ ಮೇಲೆ ಗುಳ್ಳೆಗಳು ಒಂದೇ ಕಡೆ ದಟ್ಟವಾಗಿ ಏಳತೊಡಗಿದವು.

“ತಾತ, ಎರಡು ಅಂದ್ರೆ ಬಿಡಬೇಕು!”

“ಹೆಂಗಮ್ಮ ಬುಡೋದು? ಎರಡು ಅಂದ್ರೆ ಮಣ್ಣಿನ ಮಂಕರಿ ತುಂಬ್ತು, ಎಳಿ ಅಂತ!”

“ಬುಡು ತಾತ, ಬುಡು!”

ಕಾಲೇಜು ಸೇರಿದಂದಿನಿಂದ ನನ್ನ ಬಾಯಿಗೆ ಬಾರದಿದ್ದ ಊರ ಮಾತು. ಅವನ ಕೈ ಸಡಿಲವಾಯಿತು. ದಡದಲ್ಲಿದ್ದವರು ಇನ್ನೇನು ಧುಮುಕಬೇಕು, ಅಷ್ಟರಲ್ಲಿ ಮೂರು ಜಗ್ಗು. ತಾತ ನನ್ನ ಮುಖ ನೋಡಿದ. “ಎಳಿ,” ಎಂದೆ.

ನೀರೊಳಗೆ ಹಳೆಯ ಪಂಪಿನ ಪೈಪಿಗೆ ಹಗ್ಗ ಸುತ್ತಿಕೊಂಡಿತ್ತಂತೆ. ನಾವು ಎಳೆದಷ್ಟೂ ಅದು ಮುಳುಗಿದವರ ಚಾಕು ಹಿಡಿದ ಕೈಯನ್ನೇ ಪೈಪಿಗೆ ಬಿಗಿದಿತ್ತು. ಗಾಳಿಯ ಮೀಟರಿನ ಮುಳ್ಳು ಕೆಂಪಿನಲ್ಲಿತ್ತು. ಮೇಲೆ ಬಂದ ಅವರು ಏದುಸಿರಿನ ನಡುವೆ ಕೇಳಿದ್ದು ಒಂದೇ: “ಮೇಡಂ, ಅವರಿಗೆ ಹೇಳಿದ್ರಿ ಅಲ್ವಾ?”

“ಹೇಳಿದ್ದೆ.”

ಅದು ಸುಳ್ಳಲ್ಲ. ಅದಕ್ಕೇ ಇನ್ನೂ ಚುಚ್ಚುತ್ತದೆ.

ಆಮೇಲೆ ನಿದ್ದೆ ಹರಿದುಹೋಯಿತು. ಕಣ್ಣು ಮುಚ್ಚಿದರೆ ಗುಳ್ಳೆ. ಕೊರಟಗೆರೆ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಗಂಟೆ ಜಗ್ಗಿದರೆ ಎದ್ದು ನಿಲ್ಲುತ್ತಿದ್ದೆ. “ಸ್ಟಾಪ್ ಇನ್ನೂ ಬಂದಿಲ್ಲ, ಕುಂತ್ಕಳಮ್ಮ,” ಎಂದು ಅವನು ರೇಗುತ್ತಿದ್ದ. ಪಾಠದ ನಡುವೆ ಗಡಿಯಾರ ನೋಡಿದರೆ ಹತ್ತು ಹದಿನೇಳು.

ಎರಡು ತಿಂಗಳ ಮೇಲೆ, ಅಂದು ಪೈಪಿಗೆ ಸಿಕ್ಕಿಕೊಂಡಿದ್ದವರೇ ಮತ್ತೆ ಬಂದರು. ಹಗ್ಗ ಹಿಡಿಯಲು ಬೇರೆಯವರನ್ನು ನೋಡಲೇ ಎಂದು ಕೇಳಿದೆ. ಬೇಡವೆಂದು ಅವರು ನೇರ ತಾತನ ಮುಂದೆ ಕುಕ್ಕರಗಾಲಲ್ಲಿ ಕೂತರು. “ನಿಮ್ಮ ಬಾವಿ ಲೆಕ್ಕ ಹೇಳಿ ತಾತ.”

“ಒಂದಕ್ಕೆ ನಿಲ್ಲು, ಎರಡಕ್ಕೆ ಎಳಿ, ಮೂರಕ್ಕೆ ಬುಡು. ಅಷ್ಟೇಯ. ಓದಿರೋರಿಗೆ ಬಾಯಿಪಾಠ ಆಗಕ್ಕೆ ಎಷ್ಟು ದಿನ ಬೇಕೋ!”

ಹುಣಸೆ ಮರದ ಹಿಂದೆ ನಿಂತು, ತಾತನಿಗೆ ಕಾಣದಂತೆ, ಅವರು ಅದೇ ಲೆಕ್ಕದಲ್ಲಿ ಹಗ್ಗ ಜಗ್ಗಿದರು. ಆಮೇಲೆ ನಾನೂ ಜಗ್ಗಿದೆ. ಹತ್ತು ಸಲವೂ ಅವನ ಕೈ ತಪ್ಪಲಿಲ್ಲ.

ಆಮೇಲೆ ಮುಳುಗಿದ ಅವರು ಕೊನೆಗೆ ಎರಡು ಸಲ ಜಗ್ಗಿದರು. ತಾತ ಎಳೆದ. ಅವರು ಅಂಗೈಯಲ್ಲಿ ಹಸಿರು ಸ್ಪಂಜಿನ ಚೂರು ಹಿಡಿದು ಮೇಲೆ ಬಂದರು.

ಮಾರನೆಯ ದಿನ ನನ್ನನ್ನು ಎಬ್ಬಿಸಿದ್ದು ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸದ್ದು. ಬೆಳಕಾಗಿತ್ತು.